ಬ್ಲೋವರ್ ಖಾತೆಯ ಎಣ್ಣೆ ಪುಸ್ತಕ

ಮುಂಬಯಿಯ ಗಿರಣಿಗಳ ಮಾತು ಬಂದಾಗಲೆಲ್ಲ ಜನ ಮೊದಲು ನೆನೆಯುವುದು ಚಿಮಣಿ ಮತ್ತು ಭೋಂಗಾ. ಆಮೇಲೆ 1982ರ ಮುಷ್ಕರ, ದತ್ತಾ ಸಾಮಂತ್, ಕೊನೆಗೆ ಮಾಲ್‌ಗಳು. ಅಲ್ಲಿಗೆ ಕತೆ ಮುಗಿಯಿತು. ನನಗೆ ಮಾತ್ರ ಮೊದಲು ನೆನಪಾಗುವುದು ಗ್ರೀಸಿನ ವಾಸನೆ. ಲಾಲ್‌ಬಾಗಿನ ಚಾಳಿನಲ್ಲಿ ನನ್ನ ಸೋದರಮಾವನ ಖೋಲಿ ಇತ್ತು, ಹತ್ತಡಿಗೆ ಹನ್ನೆರಡಡಿ. ಅವರು ಅಂಗಿ ತೂಗುಹಾಕುತ್ತಿದ್ದ ಮೊಳೆಯ ಸುತ್ತ ಗೋಡೆಯೇ ಕಪ್ಪಾಗಿತ್ತು. ಅತ್ತೆ ಪ್ರತಿ ದೀಪಾವಳಿಗೆ ಸುಣ್ಣ ಹೊಡೆಸುತ್ತಿದ್ದರು, ಸಂಕ್ರಾಂತಿ ಬರುವಷ್ಟರಲ್ಲಿ ಮತ್ತೆ ಕಪ್ಪು.

ನಾನು ಪಿಯುಸಿ ಮುಗಿಸಿ ಬಿ.ಕಾಂ. ಓದಲೆಂದು 1988ರಲ್ಲಿ ಕುಮಟೆಯಿಂದ ಬಂದು ಇಳಿದದ್ದು ಅದೇ ಖೋಲಿಗೆ. ಕೊಂಕಣ ರೈಲಿಗೆ ಇನ್ನೂ ಹತ್ತು ವರ್ಷ ಇತ್ತು, ಬಸ್ಸೇ ಗತಿ. ಮಾವ ಬಂದದ್ದು ಮೂವತ್ತು ವರ್ಷ ಮೊದಲು, 1958ರಲ್ಲಿ. ಅದಕ್ಕೆ ಎರಡು ವರ್ಷ ಹಿಂದಿನವರೆಗೂ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತಲ್ಲ. 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಇತ್ತ ಸೇರಿಸಿದ್ದು. ಹಾಗಾಗಿ ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಮುಂಬಯಿಯೇ ಪರಿಚಯ. ಊರಿನವರು ಹೆಚ್ಚಾಗಿ ಹೋಟೆಲು, ಅಂಗಡಿ, ಆಫೀಸು ಹಿಡಿದರು. ಮಾವ ಎಂಟು ತಿಂಗಳು ಹೋಟೆಲಿನಲ್ಲಿ ಲೋಟ ತೊಳೆದು, ಬೇಸರ ಬಂದು, ಲೋವರ್ ಪರೇಲಿನ ಒಂದು ಗಿರಣಿಯಲ್ಲಿ ಬದಲಿ ಕೆಲಸಗಾರನಾಗಿ ಸೇರಿದರು. ಕೊನೆಗೆ ಬ್ಲೋವರ್ ಖಾತೆಯಲ್ಲಿ ಆಯಿಲ್‌ಮ್ಯಾನ್ ಆಗಿ ಕಾಯಂ ಆದರು. ಗಿರಣಿಯ ಹೆಸರು ಹೇಳುವುದಿಲ್ಲ. ಅಲ್ಲಿ ಈಗ ಗಾಜಿನ ಕಟ್ಟಡವಿದೆ.

ಬ್ಲೋವರ್ ಖಾತೆ ಎಂದರೆ ಬ್ಲೋರೂಮ್ ಅಲ್ಲ. ಅರಳೆಯ ಬೇಲು ಬಿಚ್ಚಿ, ಬಡಿದು, ಕಸ ತೆಗೆಯುವ ಜಾಗಕ್ಕೆ ಬ್ಲೋರೂಮ್ ಎನ್ನುತ್ತಾರೆ. ಮಾವನದು ಗಾಳಿಯ ಖಾತೆ. ಹೊರಗಿನ ಗಾಳಿ ಎಳೆದು, ನೀರಿನ ತುಂತುರಿನ ನಡುವೆ ಹಾಯಿಸಿ ತೊಳೆದು, ತೇವ ಮಾಡಿ, ದೊಡ್ಡ ತಗಡಿನ ಕೊಳವೆಗಳಲ್ಲಿ ನೂಲುವ ಮತ್ತು ನೇಯುವ ಶೆಡ್ಡುಗಳಿಗೆ ಕಳಿಸುವುದು. ಇದಕ್ಕೆ ಹ್ಯೂಮಿಡಿಫಿಕೇಶನ್ ಪ್ಲಾಂಟ್ ಎಂದು ದೊಡ್ಡ ಹೆಸರು. ಕೆಲಸಗಾರರ ಬಾಯಲ್ಲಿ ಬರೀ ಬ್ಲೋವರ್.

ಹತ್ತಿಗೆ ತೇವ ಬೇಕು. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣತೂಕದ ಶೇ. 8.5ರಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಗಾಳಿ ಒಣಗಿದರೆ ಎಳೆ ಪೆಡಸಾಗುತ್ತದೆ, ಮಗ್ಗದಲ್ಲಿ ಪಟಪಟ ಹರಿಯುತ್ತದೆ. ಎಳೆ ಹರಿದಷ್ಟೂ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ತುಂಡು ಲೆಕ್ಕದ ನೇಕಾರನಿಗೆ ಕೂಲಿ ಇಲ್ಲ. ನೇಯ್ಗೆ ಶೆಡ್ಡಿನಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75ರಿಂದ 85, ನೂಲುವಲ್ಲಿ 55ರಿಂದ 60 ಇರಬೇಕೆನ್ನುವುದು ಗಿರಣಿಯವರ ರೂಢಿಯ ಲೆಕ್ಕ. (ಇನ್ನೊಂದು ಲೆಕ್ಕವೂ ಇದೆ, ಬ್ಯಾಂಕಿನವನಾದ್ದರಿಂದ ಹೇಳಿಬಿಡುತ್ತೇನೆ. ನೂಲು ಮಾರುವುದು ತೂಕದ ಮೇಲೆ. ತೇವ ಹಿಡಿದ ನೂಲು ಒಣ ನೂಲಿಗಿಂತ ಭಾರ.)

ಮುಂಬಯಿ ಸಮುದ್ರದ ಊರು, ಇಲ್ಲಿ ತೇವಕ್ಕೇನು ಬರ ಎಂದು ಕೇಳಬಹುದು. ಕಾವಸ್‌ಜೀ ನಾನಾಭಾಯಿ ದಾವರ್ 1854ರಲ್ಲಿ ಕಂಪನಿ ಕಟ್ಟಿ, 1856ರಲ್ಲಿ ತಾರ್ದೇವ್‌ನಲ್ಲಿ ಮೊದಲ ನೂಲಿನ ಗಿರಣಿ ಓಡಿಸಿದ ಮೇಲೆ ಗಿರಣಿಗಳು ಇಲ್ಲಿ ಸಾಲುಗಟ್ಟಿ ಎದ್ದದ್ದಕ್ಕೆ ಬಂದರಿನ ಜೊತೆಗೆ ಈ ಹವೆಯೂ ಒಂದು ಕಾರಣ ಎನ್ನುತ್ತಾರೆ. ಆದರೆ ಸಾವಿರಾರು ಕದಿರು ತಿರುಗುವ ಶೆಡ್ಡಿನ ಒಳಗೆ ಯಂತ್ರದ ಬಿಸಿಗೇ ಗಾಳಿ ಒಣಗುತ್ತದೆ. ಚಳಿಗಾಲದಲ್ಲಿ ನೆಲದ ಕಡೆಯಿಂದ ಗಾಳಿ ಬೀಸತೊಡಗಿದರೆ ಹೊರಗೂ ಒಣ, ಒಳಗೂ ಒಣ.

ಮೊದಲಿನ ಉಪಾಯ ಒರಟಾಗಿತ್ತು. ಲಂಕಾಶೈರಿನಲ್ಲಿ ಬಾಯ್ಲರಿನ ಹಬೆಯನ್ನೇ ನೇರವಾಗಿ ನೇಯ್ಗೆ ಶೆಡ್ಡಿಗೆ ಬಿಡುತ್ತಿದ್ದರು. ಅಲ್ಲಿನ ನೇಕಾರರು ಉಸಿರುಕಟ್ಟಿ ಗಲಾಟೆ ಮಾಡಿದ ಮೇಲೆ 1889ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಶೆಡ್ಡಿನ ತೇವಕ್ಕೆ ಮಿತಿ ಹಾಕಿ ಕಾಯ್ದೆ ತಂದಿತು. ನಮ್ಮಲ್ಲಿ ಸರ್ಕಾರ ಕಣ್ಣು ತೆರೆದದ್ದು ತಡವಾಗಿ. ಮಲೋನಿ ಎಂಬ ಅಧಿಕಾರಿಯನ್ನು ನೇಮಿಸಿ, ಭಾರತದ ಹತ್ತಿ ಗಿರಣಿಗಳ ತೇವದ ಬಗ್ಗೆಯೇ ಒಂದು ವರದಿ ಬರೆಸಿ 1923ರಲ್ಲಿ ಪ್ರಕಟಿಸಿದರು. ಏರ್ ಕಂಡೀಶನಿಂಗ್ ಎಂಬ ಮಾತು ಹುಟ್ಟಿದ್ದೂ ಗಿರಣಿಯಲ್ಲೇ. 1906ರಲ್ಲಿ ಅಮೆರಿಕದ ಸ್ಟುವರ್ಟ್ ಕ್ರೇಮರ್ ಎಂಬ ಜವಳಿ ಇಂಜಿನಿಯರ್ ಹತ್ತಿ ಗಿರಣಿಯ ಗಾಳಿಗೆ ತೇವ ಕೊಡುವ ಕೆಲಸಕ್ಕೆ ಆ ಹೆಸರಿಟ್ಟ. ನೂಲನ್ನು ಹದ ಮಾಡುವುದಕ್ಕೆ ಕಂಡೀಶನಿಂಗ್ ಎನ್ನುತ್ತಿದ್ದರು, ಅದನ್ನೇ ಗಾಳಿಗೂ ಅಂಟಿಸಿದ. ಅಂದರೆ ಆ ಗಾಳಿ ಹದವಾದದ್ದು ಮೊದಲಿಗೆ ನೂಲಿನ ಸುಖಕ್ಕೆ, ಮನುಷ್ಯರ ಸರದಿ ಆಮೇಲೆ. ಮಾವ ಇದನ್ನು ಎಲ್ಲೂ ಓದಿದವರಲ್ಲ. ಆದರೆ ಮಗ್ಗದ ಶೆಡ್ಡಿನಲ್ಲಿ ಬೆವರು ಆರದೆ ಒದ್ದೆ ಬನಿಯನ್ನಿನಲ್ಲಿ ನಿಂತಿರುತ್ತಿದ್ದ ನೇಕಾರರನ್ನು ನೆನೆಸಿಕೊಂಡು, "ಆ ಗಾಳಿ ದಾರಕ್ಕೆ ತಮಾ, ನಮಗಲ್ಲ" ಎನ್ನುತ್ತಿದ್ದರು.

ಮೊದಲು ಗಿರಣಿಯ ಎಲ್ಲವೂ ಒಂದೇ ಹಬೆಯ ಇಂಜಿನ್ನಿನಿಂದ ಓಡುತ್ತಿತ್ತು. ಇಂಜಿನ್ನಿನಿಂದ ಹಗ್ಗ, ಹಗ್ಗದಿಂದ ಛಾವಣಿಯ ಕೆಳಗೆ ಉದ್ದಕ್ಕೂ ಹೋದ ಶಾಫ್ಟು, ಶಾಫ್ಟಿನಿಂದ ಚರ್ಮದ ಪಟ್ಟಾ. ಎಣ್ಣೆಯವನೆಂದರೆ ಏಣಿ ಹಿಡಿದು ಆ ಶಾಫ್ಟಿನುದ್ದಕ್ಕೂ ಹತ್ತಿ ಇಳಿಯುವವನು. 1915ರಲ್ಲಿ ಖೋಪೋಲಿಯಿಂದ ಟಾಟಾ ಅವರ ಜಲವಿದ್ಯುತ್ತು ಮುಂಬಯಿಗೆ ಬಂದಮೇಲೆ ಕ್ರಮೇಣ ಇಂಜಿನ್ನುಗಳು ಹೋಗಿ ಮೋಟರುಗಳು ಬಂದವು, ಬ್ಲೋವರಿಗೂ ಅದರದ್ದೇ ಮೋಟರು ಬಂತು. ಎಣ್ಣೆಯವನು ಏಣಿಯಿಂದ ಇಳಿದ.

ಯಂತ್ರದ ಆರೈಕೆಗೂ ಆಳಿನ ಬದುಕಿಗೂ ಗಂಟು ಬಿದ್ದ ಇನ್ನೊಂದು ಸಂಗತಿ ಇದೆ. ನಾರಾಯಣ ಮೇಘಾಜಿ ಲೋಖಂಡೆ ಹೋರಾಡಿ 1890ರ ಜೂನ್ 10ರಂದು ಗಿರಣಿ ಕೆಲಸಗಾರರಿಗೆ ಭಾನುವಾರದ ರಜೆ ಕೊಡಿಸಿದರು ಎಂದು ನಾವು ಓದುತ್ತೇವೆ. ಅದಕ್ಕೆ ಮೊದಲು, ಗಿರಣಿ ನಿಂತ ದಿನವೂ ಯಂತ್ರ ಒರೆಸುವುದಕ್ಕೆಂದು ಅರ್ಧ ದಿನ ಆಳುಗಳನ್ನು ಕರೆಸುತ್ತಿದ್ದರು. ಯಂತ್ರಕ್ಕೆ ವಾರಕ್ಕೊಮ್ಮೆ ಸ್ನಾನ, ಆಳಿಗೆ ಅದೂ ಇಲ್ಲ!

ಎಣ್ಣೆ ಹಾಕುವವನ ಬಗ್ಗೆ ಕಾನೂನೇ ಇತ್ತೆಂದರೆ ನಂಬುತ್ತೀರಾ? 1948ರ ಫ್ಯಾಕ್ಟರಿ ಕಾಯ್ದೆಯ 22ನೆಯ ಕಲಮು. ತಿರುಗುತ್ತಿರುವ ಯಂತ್ರವನ್ನು ಪರೀಕ್ಷಿಸಿ ಎಣ್ಣೆ ಹಾಕಬೇಕಾದರೆ ಅದಕ್ಕೆಂದೇ ತರಬೇತಾದ ವಯಸ್ಕ ಗಂಡಸೇ ಹಾಕಬೇಕು, ಅವನು ಮೈಗೆ ಬಿಗಿಯಾಗುವ ಬಟ್ಟೆ ತೊಟ್ಟಿರಬೇಕು, ಆ ಬಟ್ಟೆಯನ್ನು ಮಾಲೀಕರೇ ಕೊಡಬೇಕು, ಅವನ ಹೆಸರು ಒಂದು ರಿಜಿಸ್ಟರಿನಲ್ಲಿ ಬರೆದಿರಬೇಕು. ಧೋತರದ ಚುಂಗು, ಅಂಗಿಯ ತೋಳು ಶಾಫ್ಟಿಗೆ ಸಿಕ್ಕಿ ಎಷ್ಟು ಜನ ಹೋದಮೇಲೆ ಈ ವಾಕ್ಯ ಬಂತೋ. ಅದೇ ಕಾಯ್ದೆಯ 15ನೆಯ ಕಲಮು ಗಾಳಿಗೆ ತೇವ ಕೊಡುವ ನೀರು ಊರಿನ ಕುಡಿಯುವ ನೀರಿನ ಸರಬರಾಜಿನದ್ದಾಗಿರಬೇಕು, ಇಲ್ಲವೇ ಶುದ್ಧ ಮಾಡಿದ್ದಾಗಿರಬೇಕು ಎನ್ನುತ್ತಿತ್ತು. ಮಾವನಿಗೆ ಕಲಮಿನ ನಂಬರು ಗೊತ್ತಿರಲಿಲ್ಲ. ತನ್ನ ಹೆಸರು ಸರ್ಕಾರದ ಪುಸ್ತಕದಲ್ಲಿದೆ ಎಂಬುದು ಮಾತ್ರ ಗೊತ್ತಿತ್ತು. ಅದನ್ನವರು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದರು.

ಕೆಲಸವೇನು ಮಹಾ, ಎಣ್ಣೆ ಹಾಕುವುದಷ್ಟೇ ಎಂದು ನಾನೂ ಅಂದುಕೊಂಡಿದ್ದೆ. 1989ರಲ್ಲಿ ಒಮ್ಮೆ ಅವರ ಊಟದ ಡಬ್ಬಿ ಮನೆಯಲ್ಲೇ ಉಳಿದು, ಅತ್ತೆ ನನ್ನನ್ನು ಕಳಿಸಿದರು. ಗೇಟಿನವನು ಪರಿಚಯದವ, ಒಳಗೆ ಬಿಟ್ಟ. ಬ್ಲೋವರ್ ಮನೆಯೊಳಗೆ ಕಾಲಿಟ್ಟರೆ ಮಾತೇ ಕೇಳುವುದಿಲ್ಲ. ಮಾವ ಒಂದು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಬೇರಿಂಗಿನ ಮನೆಗೆ (ಅದನ್ನು ಅವರೆಲ್ಲ ಪ್ಲಂಬರ್ ಬ್ಲಾಕ್ ಎನ್ನುತ್ತಿದ್ದರು) ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಬುಡಕ್ಕೆ ಒತ್ತಿ ಕಣ್ಣು ಮುಚ್ಚಿ ನಿಂತಿದ್ದರು. ನನಗೂ ಕಿವಿಗೆ ಹಿಡಿಸಿದರು. ಒಂದರಲ್ಲಿ ಬರೀ ಭೋರೆಂಬ ಶಬ್ದ, ಪಕ್ಕದ್ದರಲ್ಲಿ ಅದರೊಳಗೆ ಮರಳು ಹುರಿದಂತೆ ಸಣ್ಣ ಕರಕರ. "ಕೇಳಿತಾ? ಇವನಿಗೆ ಇನ್ನು ಎರಡು ತಿಂಗಳು" ಅಂದರು, ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿ. ಆಮೇಲೆ ಅಂಗೈ ಹಿಂಭಾಗ ಮುಟ್ಟಿಸಿ ಬಿಸಿ ನೋಡಿದರು. ಮೂರು ನಾಲ್ಕು ಸೆಕೆಂಡು ಇಟ್ಟುಕೊಳ್ಳಲು ಆದರೆ ಸರಿ, ಕೈ ತಾನಾಗಿ ಹಿಂದೆ ಬಂದರೆ ಅರುವತ್ತು ಡಿಗ್ರಿ ದಾಟಿದೆ ಎಂದೇ ಲೆಕ್ಕ.

ಗ್ರೀಸಿನ ವಿಷಯದಲ್ಲಿ ಅವರದ್ದೊಂದು ಹಟ ಇತ್ತು. ಹೊಸ ಹುಡುಗರು ಬೇರಿಂಗಿನ ಮನೆ ತುಂಬ ಗ್ರೀಸ್ ಮೆತ್ತಿ, ಕೆಲಸ ಚೆನ್ನಾಗಿ ಮಾಡಿದೆವೆಂದು ಬೀಗುತ್ತಿದ್ದರು. ಖಾಲಿ ಜಾಗದ ಮೂರನೆಯ ಒಂದು ಭಾಗ, ಹೆಚ್ಚೆಂದರೆ ಅರ್ಧ, ಅದಕ್ಕಿಂತ ಮೇಲೆ ಹೋಗಬಾರದು. ತುಂಬಿಸಿದರೆ ಗುಂಡುಗಳು ಗ್ರೀಸನ್ನು ಕಡೆಯುತ್ತ ತಾವೇ ಬಿಸಿಯಾಗುತ್ತವೆ, ಗ್ರೀಸ್ ಕರಗಿ ಹರಿದು ಹೋಗುತ್ತದೆ. ಹಸಿವೆಯಿಂದ ಸಾಯುವ ಬೇರಿಂಗಿಗಿಂತ ಅಜೀರ್ಣದಿಂದ ಸಾಯುವ ಬೇರಿಂಗೇ ಹೆಚ್ಚು ಎನ್ನುತ್ತಿದ್ದರು. ಗ್ರೀಸಿನ ಜಾತಿಯೂ ಮುಖ್ಯ. ಸೋಡಿಯಂ ಸಾಬೂನಿನ ಗ್ರೀಸ್ ಬಿಸಿ ತಡೆಯುತ್ತದೆ, ಆದರೆ ನೀರು ತಾಗಿದರೆ ಹಾಲಿನಂತಾಗಿ ತೊಳೆದು ಹೋಗುತ್ತದೆ. ತುಂತುರು ಎರಚುವ ಬ್ಲೋವರ್ ಮನೆಗೆ ಅದು ನಡೆಯುವುದಿಲ್ಲ. ಸುಣ್ಣದ ಸಾಬೂನಿನದು ನೀರಿಗೆ ಜಗ್ಗುವುದಿಲ್ಲ, ಬಿಸಿಗೆ ಜಗ್ಗುತ್ತದೆ. ಲಿಥಿಯಂ ಗ್ರೀಸ್ ಬಂದಮೇಲೆ ಈ ಪೇಚಾಟ ತಪ್ಪಿತು. ಹಳೆಯ ಬ್ಲೋವರುಗಳಲ್ಲಿ ಎಣ್ಣೆಯ ಬೇರಿಂಗುಗಳೂ ಇದ್ದವು. ಶಾಫ್ಟಿನ ಮೇಲೆ ಒಂದು ಸಡಿಲ ಉಂಗುರ ತೂಗುತ್ತಿರುತ್ತದೆ, ಕೆಳಗಿನ ಎಣ್ಣೆಯಲ್ಲಿ ಅದ್ದಿಕೊಂಡು ಶಾಫ್ಟಿನ ಜೊತೆ ತಾನೂ ತಿರುಗುತ್ತ ಎಣ್ಣೆಯನ್ನು ಮೇಲೆ ಹೊತ್ತು ತರುತ್ತದೆ. ಅರಳೆಯ ಎಳೆ ಎಣ್ಣೆಗೆ ಬಿದ್ದು ಉಂಗುರ ಒಮ್ಮೆ ನಿಂತರೆ, ತೊಟ್ಟಿ ತುಂಬ ಎಣ್ಣೆ ಇದ್ದರೂ ಬೇರಿಂಗು ಸುಟ್ಟೇ ಹೋಗುತ್ತದೆ. ಸುಡುವುದೆಂದರೆ ಅಲ್ಲಿಗೇ ಮುಗಿಯಲಿಲ್ಲ, ಸುತ್ತ ಹಾರಾಡುವ ಅರಳೆಯ ನವಿರಿಗೆ ಅಷ್ಟು ಬಿಸಿ ಸಾಕು, ಬೆಂಕಿ.

ಮುಂಬಯಿಯಂಥ ಊರಿನಲ್ಲಿ ಇನ್ನೊಂದು ಕಾಟ ನೆಲದ್ದು. ದ್ವೀಪಗಳ ನಡುವಿನ ಜೌಗು ತುಂಬಿಸಿ ಎಬ್ಬಿಸಿದ ನೆಲ. ಅಡಿಪಾಯ ಒಂದೊಂದು ಕಡೆ ಒಂದೊಂದು ನೂಲಿನಷ್ಟು ಕೂತರೂ ಶಾಫ್ಟು ಸೊಟ್ಟಗಾಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲೂ ಇದೇ ಕಷ್ಟವಿತ್ತಂತೆ. ಅಲ್ಲಿ ಒಂದು ಬಟ್ಟೆ ಗಿರಣಿಯ ದುರಸ್ತಿ ನೋಡಿಕೊಳ್ಳುತ್ತಿದ್ದ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಇಂಜಿನಿಯರ್, ಜೇಡಿಮಣ್ಣಿನ ನೆಲ ಕೂತು ಶಾಫ್ಟು ಓರೆಯಾಗಿ ಮೇಲಿಂದ ಮೇಲೆ ಬೇರಿಂಗು ಕೆಡುವುದನ್ನು ನೋಡಿ ನೋಡಿ ಸಾಕಾಗಿ, ಶಾಫ್ಟು ಓರೆಯಾದರೆ ತಾನೂ ಅದರ ಜೊತೆ ವಾಲಿ ಹೊಂದಿಕೊಳ್ಳುವ ಗುಂಡಿನ ಬೇರಿಂಗನ್ನು 1907ರಲ್ಲಿ ಕಂಡುಹಿಡಿದ. ಎಸ್‌ಕೆಎಫ್ ಕಂಪನಿ ಹುಟ್ಟಿದ್ದು ಅದರಿಂದ. ಅದೇ ಕಂಪನಿಯ ಭಾರತದ ಕಾರ್ಖಾನೆ ನಮ್ಮ ಪಕ್ಕದ ಪುಣೆಯ ಚಿಂಚ್‌ವಡದಲ್ಲಿ ಬಂತು, 1961ರಲ್ಲಿ ಅಸೋಸಿಯೇಟೆಡ್ ಬೇರಿಂಗ್ ಎಂಬ ಹೆಸರಿನಲ್ಲಿ ಶುರುವಾಗಿ. ಬಟ್ಟೆ ಗಿರಣಿಯ ಒಬ್ಬ ದುರಸ್ತಿಯವನ ಬೇಸರದಿಂದ ಹುಟ್ಟಿದ ಸಾಮಾನು ಇನ್ನೊಂದು ಊರಿನ ಬಟ್ಟೆ ಗಿರಣಿಗೆ ಬಂದು ಸೇರಿತು. ನಾನು ಇದನ್ನು ಹೇಳಿದಾಗ ಮಾವ ಒಂದೇ ಮಾತು ಕೇಳಿದರು, "ಅಂವ ಎಣ್ಣೆ ಹಾಕುವವನಾಗಿದ್ದನಾ?" ಅಲ್ಲ, ಇಂಜಿನಿಯರ್ ಎಂದೆ. "ಎಣ್ಣೆ ಹಾಕುವವ ಅವನಿಗೆ ಹೇಳಿರಬೇಕು" ಅಂದರು.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಗಿರಣಿಯ ರಿಜಿಸ್ಟರು ಬೇರೆ. ಇದು ಮಾವನ ಸ್ವಂತದ್ದು, ನೂರು ಪುಟದ ನೋಟ್‌ಬುಕ್ಕುಗಳು, ಒಟ್ಟು ಹನ್ನೊಂದು. ಬ್ಲೋವರುಗಳಿಗೆ 1ರಿಂದ 14ರವರೆಗೆ ನಂಬರು. ಯಾವ ದಿನ ಯಾವುದಕ್ಕೆ ಗ್ರೀಸ್, ಯಾವುದರ ಬೆಲ್ಟು ಬಿಗಿ ಮಾಡಿದ್ದು, ಯಾವುದರ ರೆಕ್ಕೆಗಳಿಗೆ ಅಂಟಿದ ಅರಳೆ ಕೆರೆದದ್ದು, ಯಾವ ತುಂತುರು ಕೊಳವೆಯ ಮೂತಿ ಕಟ್ಟಿಕೊಂಡದ್ದು. ಕನ್ನಡದಲ್ಲೇ, ಕೊಂಕಣಿ ಮರಾಠಿ ಬೆರಕೆಯಲ್ಲಿ. ರಜೆಯ ದಿನ ತೊಳೆಯುವುದು, ಮೂರು ತಿಂಗಳಿಗೊಮ್ಮೆ ಸೀಮೆ‌ಎಣ್ಣೆಯಲ್ಲಿ ಹಳೆಯ ಗ್ರೀಸ್ ತೊಳೆದು ಹೊಸತು, ದೀಪಾವಳಿಗೆ ಗಿರಣಿ ನಿಂತಾಗ ಪೂರ್ತಿ ಬಿಚ್ಚುವುದು. ಅರವತ್ತರ ದಶಕದ ಪುಟಗಳಲ್ಲಿ ಈ ಕ್ರಮ ಪಂಚಾಂಗದಂತೆ ತಪ್ಪದೆ ಬರುತ್ತದೆ.

1976ರಿಂದ ಒಂದು ಹೊಸ ನಮೂದು ಕಾಣಿಸಿಕೊಳ್ಳುತ್ತದೆ, 'ಗ್ರೀಸ್ ಇಲ್ಲ'. ಮೊದಲು ವರ್ಷಕ್ಕೆ ಒಂದೆರಡು ಸಲ. 1979ರ ಹೊತ್ತಿಗೆ ತಿಂಗಳಿಗೆ ಎರಡು ಮೂರು. 'ಬೇರಿಂಗ್ ಕೇಳಿದೆ, ಬರುವ ತಿಂಗಳು ಅಂದರು'. 'ಹಳೇದನ್ನೇ ತೊಳೆದು ಹಾಕಿದೆ'. 1980ರ ದೀಪಾವಳಿಗೆ ಬಿಚ್ಚಿದ್ದು ಹದಿನಾಲ್ಕರಲ್ಲಿ ನಾಲ್ಕೇ.

ಗಿರಣಿಗಳು ಮುಳುಗಿದ್ದು ಮುಷ್ಕರದಿಂದ ಎಂದು ಒಂದು ಪಕ್ಷ, ಲಾಭವನ್ನು ಬೇರೆ ಕಡೆ ಸಾಗಿಸಿ ಯಂತ್ರಗಳನ್ನು ಹಳತಾಗಲು ಬಿಟ್ಟ ಮಾಲೀಕರಿಂದ ಎಂದು ಇನ್ನೊಂದು ಪಕ್ಷ. ನಲವತ್ತು ವರ್ಷದಿಂದ ಈ ವಾದ ನಡೆದಿದೆ. ಒಂದು ಗಿರಣಿಯ ಒಬ್ಬ ಆಯಿಲ್‌ಮ್ಯಾನಿನ ಪುಸ್ತಕದಿಂದ ಇಡೀ ಗಿರಣಗಾಂವಿನ ತೀರ್ಪು ಕೊಡಲು ನಾನು ಹೊರಟಿಲ್ಲ. ಹಾಗಿದ್ದೂ ಈ ಒಂದು ಗಿರಣಿಯ ಮಟ್ಟಿಗೆ, ಗ್ರೀಸ್ ನಿಂತದ್ದು ಮುಷ್ಕರಕ್ಕೆ ಆರು ವರ್ಷ ಮೊದಲು. ಅದು ಬರಹದಲ್ಲಿದೆ.

ಮುಷ್ಕರ ಶುರುವಾದದ್ದು 1982ರ ಜನವರಿ 18ರಂದು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಂದರು. ಅದರ ಕತೆ ನಿಮಗೆಲ್ಲ ಗೊತ್ತು. ನಾನು ಹೇಳಬೇಕಾದದ್ದು ಒಂದು ಸಣ್ಣ ವಿಷಯ. ನಿಂತ ಬೇರಿಂಗು ಓಡುವ ಬೇರಿಂಗಿಗಿಂತ ಬೇಗ ಕೆಡುತ್ತದೆ. ಗುಂಡುಗಳು ಒಂದೇ ಜಾಗದಲ್ಲಿ ಭಾರ ಹೊತ್ತು ಕೂತಿರುತ್ತವೆ, ಆ ಜಾಗದ ಗ್ರೀಸ್ ಹಿಂಡಿ ಹೋಗುತ್ತದೆ, ಸಮುದ್ರದ ತೇವ ಅಲ್ಲಿಗೇ ಇಳಿಯುತ್ತದೆ, ತುಕ್ಕಿನ ಚುಕ್ಕೆ ಏಳುತ್ತದೆ. ಮುಂದೆ ಎಷ್ಟೇ ಗ್ರೀಸ್ ಹಾಕಿದರೂ ಆ ಕಲೆ ಹೋಗುವುದಿಲ್ಲ. ಇದಕ್ಕೆ ಮದ್ದು ಸುಲಭ, ವಾರಕ್ಕೊಮ್ಮೆ ಶಾಫ್ಟನ್ನು ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿಬಿಟ್ಟರೆ ಸಾಕು. ಹದಿನಾಲ್ಕು ಬ್ಲೋವರಿಗೆ ಒಂದು ತಾಸಿನ ಕೆಲಸ.

ಏಪ್ರಿಲ್‌ನಲ್ಲಿ ಗಿರಣಿಯ ಒಬ್ಬ ಮೇಲಿನವರು ಮಾವನಿಗೆ ಹೇಳಿ ಕಳಿಸಿದರಂತೆ, ಹಿಂದಿನ ಗೇಟಿನಿಂದ ವಾರಕ್ಕೊಮ್ಮೆ ಬಂದು ಶಾಫ್ಟು ತಿರುಗಿಸಿ ಹೋಗು, ಯಂತ್ರ ಓಡಿಸುವುದೇನೂ ಬೇಡ, ಹಾಜರಿಯೂ ಬೇಡ. ಮಾವ ಎರಡು ರಾತ್ರಿ ನಿದ್ದೆ ಮಾಡಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಚಾಳಿನಲ್ಲಿ ಎಲ್ಲ ಗಿರಣಿಯವರೇ. ಪಕ್ಕದ ಖೋಲಿಯ ರತ್ನಾಗಿರಿಯ ನೇಕಾರರು, ಮಾವನಿಗಿಂತ ಹಿರಿಯರು, ಅವರನ್ನೇ ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಫ್ಟು ತಿರುಗಿಸುವುದೂ ಕೆಲಸವೇ ಅಲ್ಲವೇನಪ್ಪಾ ಎಂದರು. ಮಾವ ಹೋಗಲಿಲ್ಲ. ಅದೇ ತಿಂಗಳು ದಾದರಿನಲ್ಲಿ ನಮ್ಮ ಊರಿನವರ ಹೋಟೆಲಿಗೆ ಹೋಗಿ, ಇಪ್ಪತ್ತನಾಲ್ಕು ವರ್ಷದ ಹಿಂದೆ ಬಿಟ್ಟ ಲೋಟ ತೊಳೆಯುವ ಕೆಲಸವನ್ನೇ ಮತ್ತೆ ಹಿಡಿದರು.

ಮುಷ್ಕರವನ್ನು ಅಧಿಕೃತವಾಗಿ ಯಾರೂ ಹಿಂದೆಗೆದುಕೊಳ್ಳಲಿಲ್ಲ. ತಾನಾಗಿ ಕರಗಿತು. ಮಾವನಿಗೆ ಕರೆ ಬಂದದ್ದು 1983ರ ಮಳೆಗಾಲ ಕಳೆದ ಮೇಲೆ. ಎರಡು ಮಳೆಗಾಲ ಬೀಗ ಹಾಕಿದ ಬ್ಲೋವರ್ ಮನೆ. ಆ ದಿನದ ನಮೂದು ನನಗೆ ಬಾಯಿಪಾಠ: '14ರಲ್ಲಿ 5 ಕೈಗೆ ತಿರುಗುವುದಿಲ್ಲ'. ಅಷ್ಟೇ. ಒಳಗೆ ಹೋಗದೆ ಇದ್ದದ್ದು ಸರಿಯಾಯಿತೆಂದೋ ತಪ್ಪಾಯಿತೆಂದೋ ಅವರು ಒಮ್ಮೆಯೂ ಹೇಳಿದವರಲ್ಲ. ನಾನು ಕೇಳಿದ್ದೇನೆ, ಎರಡು ಮೂರು ಸಲ. ಪ್ರತಿ ಸಲವೂ ಚಹಾ ಬೇಕಾ ಎಂದು ಕೇಳಿ ಎದ್ದು ಹೋಗುತ್ತಿದ್ದರು.

ಅತ್ತ ಸರ್ಕಾರದ ಕಡೆಯಿಂದಲೂ ಒಂದಷ್ಟು ಆಯಿತು. 1974ರಲ್ಲಿ ದೇಶದ 103 ರೋಗಗ್ರಸ್ತ ಗಿರಣಿಗಳನ್ನು ರಾಷ್ಟ್ರೀಕರಿಸಿದ್ದರು. 1983ರಲ್ಲಿ ಮುಂಬಯಿಯ ಇನ್ನೂ 13 ಗಿರಣಿಗಳ ಆಡಳಿತವನ್ನು ಕೈಗೆ ತೆಗೆದುಕೊಂಡರು. 1987ರಿಂದ ಬಿಐಎಫ್‌ಆರ್ ಕೆಲಸ ಶುರುಮಾಡಿ, ಕಾಯಿಲೆ ಬಿದ್ದ ಕಂಪನಿಗಳಿಗೆ ಪುನಶ್ಚೇತನದ ಯೋಜನೆಗಳು ಬರತೊಡಗಿದವು. 1991ರಲ್ಲಿ ಗಿರಣಿ ಜಮೀನನ್ನು ಬೇರೆ ಉಪಯೋಗಕ್ಕೆ ಬಿಡುವ ನಿಯಮ ಬಂತು, 2001ರಲ್ಲಿ ಅದನ್ನು ಮಾಲೀಕರಿಗೆ ಇನ್ನಷ್ಟು ಅನುಕೂಲವಾಗಿ ತಿದ್ದಿದರು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನೂಲಿಗಿಂತ ನೆಲಕ್ಕೆ ಬೆಲೆ ಬಂದಿತ್ತು.

ನಾನು ಬ್ಯಾಂಕಿಗೆ ಸೇರಿದ್ದು 1992ರಲ್ಲಿ, ಗುಮಾಸ್ತನಾಗಿ. ಪರೀಕ್ಷೆ ಕಟ್ಟಿ ಆಫೀಸರಾಗಿ, ಫೋರ್ಟಿನ ಒಂದು ಶಾಖೆಯ ಸಾಲ ವಿಭಾಗಕ್ಕೆ ಬಂದೆ. ಆಗಿನ ಕಂಪನಿ ಕಾಯ್ದೆಯ ಆರನೆಯ ಶೆಡ್ಯೂಲಿನ ಪ್ರಕಾರ ಲಾಭ ನಷ್ಟದ ಲೆಕ್ಕದಲ್ಲಿ ಯಂತ್ರದ ದುರಸ್ತಿ ಖರ್ಚನ್ನು ಪ್ರತ್ಯೇಕ ತೋರಿಸಬೇಕಿತ್ತು, ಸ್ಟೋರ್ಸು ಮತ್ತು ಬಿಡಿಭಾಗದ ಖರ್ಚನ್ನೂ ಪ್ರತ್ಯೇಕ. ನಾವು ನೋಡುತ್ತಿದ್ದದ್ದು ಮಾರಾಟ, ದಾಸ್ತಾನು, ಸಾಲದ ಅನುಪಾತ. ದುರಸ್ತಿಯ ಸಾಲಿನ ಮೇಲೆ ಕಣ್ಣು ಹಾಗೇ ಜಾರುತ್ತಿತ್ತು. ಖರ್ಚು ಕಡಿಮೆಯಾದರೆ ಒಳ್ಳೆಯದೇ ತಾನೆ! ಟಂಡನ್ ಸಮಿತಿಯ ಕಾಲದಿಂದ ಬಂದ ಪದ್ಧತಿಯಂತೆ ದೇಶೀ ಬಿಡಿಭಾಗ ಒಂಬತ್ತು ತಿಂಗಳಿಗಿಂತ, ವಿದೇಶಿಯದು ಹನ್ನೆರಡು ತಿಂಗಳಿಗಿಂತ ಹೆಚ್ಚು ದಾಸ್ತಾನಿದ್ದರೆ ಪ್ರಶ್ನೆ ಹಾಕುತ್ತಿದ್ದೆವು. ತೀರಾ ಕಡಿಮೆ ಇದ್ದರೆ ಪ್ರಶ್ನೆ ಹಾಕಿದ್ದು ನೆನಪಿಲ್ಲ. ಬಿ.ಕಾಂ.ನಲ್ಲಿ ಸವಕಳಿ ಲೆಕ್ಕ ಎರಡು ವಿಧದಲ್ಲಿ ಮಾಡುವುದನ್ನು ಕಲಿಸಿದ್ದರು. ಎಣ್ಣೆ ಹಾಕಿದರೆ ಸವಕಳಿ ನಿಧಾನ ಎಂಬುದಕ್ಕೆ ಅಲ್ಲಿ ಯಾವ ಸೂತ್ರವೂ ಇರಲಿಲ್ಲ.

1997ರಲ್ಲಿ ಒಂದು ಗಿರಣಿಯ ಪುನಶ್ಚೇತನದ ಕಡತ ನನ್ನ ಮೇಜಿಗೆ ಬಂತು. ಮಾವನ ಗಿರಣಿ ಅಲ್ಲ, ಬೇರೆ. ಯೋಜನೆಯ ವೆಚ್ಚ ಮಿತಿ ಮೀರಿದೆ, ಕತ್ತರಿಸು ಎಂದು ಮೇಲಿನಿಂದ ಹೇಳಿಕೆ. ಪಟ್ಟಿಯಲ್ಲಿ ಹೊಸ ಮಗ್ಗ, ಹೊಸ ರಿಂಗ್ ಫ್ರೇಮು ಎಲ್ಲ ಇದ್ದವು, ಅವನ್ನು ಮುಟ್ಟುವಂತಿರಲಿಲ್ಲ, ಅವೇ ಆಸ್ತಿ. ಕೆಳಗೆ ಒಂದು ಸಾಲು: ಹ್ಯೂಮಿಡಿಫಿಕೇಶನ್ ಪ್ಲಾಂಟಿನ ಪೂರ್ಣ ದುರಸ್ತಿ, ಬೇರಿಂಗು, ಫ್ಯಾನುಗಳ ಬ್ಯಾಲೆನ್ಸಿಂಗ್, ತುಂತುರು ಮೂತಿಗಳು. ನಾನು ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದೆ, 'ಮುಂದೂಡಬಹುದು'. ಕೈ ನಡುಗಲಿಲ್ಲ. ಊಟದ ಹೊತ್ತಾಗಿತ್ತು, ಕಡತ ಮುಚ್ಚಿ ಎದ್ದೆ.

ಆ ಭಾನುವಾರ ಲಾಲ್‌ಬಾಗಿಗೆ ಹೋದಾಗ ಹೇಳಿದೆ. ಏಕೆ ಹೇಳಿದೆನೋ. ಮಾವ ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಎಷ್ಟು ಬ್ಲೋವರು ಎಂದರು. ಇಪ್ಪತ್ತೆರಡು, ಪಟ್ಟಿಯಲ್ಲಿತ್ತು, ಹೇಳಿದೆ. "ಎಣ್ಣೆ ಹಾಕುವವರು ಎಷ್ಟು ಜನ?" ಎಂದರು. ನನಗೆ ಗೊತ್ತಿರಲಿಲ್ಲ. ಮುನ್ನೂರು ಪುಟದ ಕಡತದಲ್ಲಿ ಅದು ಎಲ್ಲೂ ಇರಲಿಲ್ಲ.

ಆ ಗಿರಣಿ ಎರಡು ವರ್ಷದಲ್ಲಿ ಮುಚ್ಚಿತು. ನಾನು ಗೆರೆ ಎಳೆದದ್ದರಿಂದ ಮುಚ್ಚಿತು ಎಂದು ಹೇಳಿಕೊಂಡರೆ ಅದೂ ಒಂದು ಬಗೆಯ ಅಹಂಕಾರವೇ. ನೂರು ಕಾರಣಗಳಿದ್ದವು. ಮಾವನ ಗಿರಣಿಯೂ 1999ರಲ್ಲಿ ನಿಂತಿತು. ಅವರಿಗೆ ಬಂದ ಹಣದಲ್ಲಿ ಮಗಳ ಮದುವೆ ಮಾಡಿ, ಉಳಿದದ್ದನ್ನು ನನ್ನ ಬ್ಯಾಂಕಿನಲ್ಲೇ ಠೇವಣಿ ಇಟ್ಟರು.

ಅವರು ತೀರಿಕೊಂಡದ್ದು 2011ರಲ್ಲಿ. ಅದಕ್ಕೆ ನಾಲ್ಕೈದು ವರ್ಷ ಮೊದಲು ಒಮ್ಮೆ, ಗಿರಣಿ ಜಮೀನಿನಲ್ಲೇ ಎದ್ದ ಒಂದು ಮಾಲಿಗೆ ಮಕ್ಕಳ ಜೊತೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಮುಲುಂಡಿನಿಂದ ಲೋಕಲ್ ಹಿಡಿದು ಕರಿ ರೋಡಿನಲ್ಲಿ ಇಳಿದು ನಡೆದೆವು. ಒಳಗೆ ತಣ್ಣನೆ ಗಾಳಿ. ಆ ಹೊತ್ತಿಗೆ ಅವರ ಕಿವಿ ಹೆಚ್ಚುಕಡಿಮೆ ಹೋಗಿತ್ತು, ಬ್ಲೋವರಿನ ನಲವತ್ತು ವರ್ಷದ ಸದ್ದು. ಮಕ್ಕಳು ಐಸ್‌ಕ್ರೀಮ್ ತಿನ್ನುವಾಗ ಮಾವ ಶೌಚಾಲಯದ ಪಕ್ಕದ ಒಂದು ಮುಚ್ಚಿದ ಬಾಗಿಲಿನ ಹತ್ತಿರ ಗೋಡೆಗೆ ಅಂಗೈ ಹಿಂಭಾಗ ಇಟ್ಟು ನಿಂತಿದ್ದರು. ನಾನು ಹತ್ತಿರ ಹೋದೆ.

"ಬೆಲ್ಟು ಸಡಿಲ ಆಗಿದೆ ತಮಾ. ಯಾರಿಗಾದರೂ ಹೇಳು" ಅಂದರು.

ಗಾರ್ಡಿಗೆ ಹೇಳಿದೆ. ಅವನು ನನ್ನನ್ನೂ ಮಾವನನ್ನೂ ನೋಡಿ, ಆಯಿತು ಸಾಬ್ ಅಂದ.

ಹನ್ನೊಂದು ನೋಟ್‌ಬುಕ್ಕುಗಳು ಈಗ ನನ್ನಲ್ಲಿವೆ, ಎರಡಕ್ಕೆ ಗೆದ್ದಲು ಹಿಡಿದಿದೆ, ಉಳಿದವು ಓದಲು ಬರುತ್ತವೆ. ಸ್ಕ್ಯಾನ್ ಮಾಡುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಗಿರಣಿಯಲ್ಲಿದ್ದರೆ, ಮಗ್ಗ ಓಡಿಸಿದವರಾಗಲಿ, ಬಾಯ್ಲರಿನವರಾಗಲಿ, ಎಣ್ಣೆ ಹಾಕಿದವರಾಗಲಿ, ಯಾವ ಖಾತೆ, ಯಾವ ಪಾಳಿ, ಏನು ಮಾಡುತ್ತಿದ್ದರು ಎಂದು ಕೇಳಿ ಬರೆದಿಡಿ, ನನಗೂ ತಿಳಿಸಿ. ಕೊನೆಯ ಪುಸ್ತಕದಲ್ಲಿ ಅರ್ಧದ ನಂತರ ಪುಟಗಳು ಖಾಲಿ. ಕೊನೆಯ ನಮೂದು ಗಿರಣಿ ಮುಚ್ಚುವ ನೋಟಿಸು ಅಂಟಿಸಿದ ಮರುದಿನದ್ದು: '7ಕ್ಕೆ ಗ್ರೀಸ್. 9ರ ಬೆಲ್ಟ್ ನೋಡಬೇಕು.'